ಹತ್ತು ದಿನ ಎಗರಬಾರದು

ಡಾಕ್ಟರಮ್ಮ ಹೇಳಿದ್ದು ಇಷ್ಟೇ:
ಹತ್ತು ದಿನ ಎಗರಬಾರದು, ಹೊಲಿಗೆ ನೆಕ್ಕಬಾರದು.
ಬೆಕ್ಕಿಗೆ ಹೇಳಿ, ನನಗೇಕೆ ಹೇಳ್ತೀರಿ
ಅನ್ನಬೇಕೆನಿಸಿತು. ಅನ್ನಲಿಲ್ಲ.
ಬುಟ್ಟಿಯಲ್ಲಿ ಇದ್ದಿಲು ನಾಲಿಗೆಯ ತುದಿ ಹೊರಗಿಟ್ಟು ಮಲಗಿದ್ದಳು,
ಕಣ್ಣು ತೆರೆದಿತ್ತು, ನೋಟ ಇನ್ನೂ ಬಂದಿರಲಿಲ್ಲ.

ಹೆಸರು ನಾವು ಇಟ್ಟದ್ದಲ್ಲ, ಮೂಟೆ ಇಟ್ಟದ್ದು.
ಇಸ್ತ್ರಿಪೆಟ್ಟಿಗೆಗೆ ಕೆಂಡ ಮಾಡೋಣವೆಂದು ಕೈ ಹಾಕಿದರೆ
ಅವತ್ತಿನ ಮೊದಲ ಇದ್ದಿಲು ಮಿಯಾಂವ್ ಅಂದಿತು.
ಐದು ತಿಂಗಳಾಯಿತು. ಈಗ ಎರಡು ಕೆಜಿ ಇನ್ನೂರು ಗ್ರಾಂ,
ಪಶು ಆಸ್ಪತ್ರೆಯ ತಕ್ಕಡಿಯ ಪ್ರಕಾರ.
ಕಾಗದದಲ್ಲಿ 'ಮಾಲೀಕರು' ಅಂತ ಒಂದು ಗೆರೆ.
ತಳ್ಳುಗಾಡಿ ನಮ್ಮನೆಯವರ ಹೆಸರಲ್ಲಿ,
ಗ್ಯಾಸು ಅತ್ತೆಯ ಹೆಸರಲ್ಲಿ.
ಆ ಗೆರೆಯ ಮೇಲೆ ನಾನು ನಿಧಾನವಾಗಿ ಬರೆದೆ:
ಸೌಭಾಗ್ಯಲಕ್ಷ್ಮಿ, ಇಟ್ಟಿಗೆಗೂಡು.

ಕೊರಳಿನ ಕೊಳವೆ ಮುನ್ನೂರೈವತ್ತು ಅಂದರು.
ಮೂವತ್ತೈದು ಪ್ಯಾಂಟು, ಎರಡೂ ಕಾಲು.
ಮನೆಗೆ ಬಂದು ಬೀರುವಿನ ಮೇಲಿದ್ದ ಎಕ್ಸ್‌ರೇ ಇಳಿಸಿ
(ನಮ್ಮನೆಯವರ ಮೊಣಕಾಲು, ಸ್ಕೂಟರಿಂದ ಬಿದ್ದದ್ದು)
ದುಂಡಗೆ ಕತ್ತರಿಸಿ, ಅಂಚಿಗೆ ಹಳೇ ಕಾಲರ್ ಹೊಲಿದು ಕಟ್ಟಿದೆ.
ಬಲ್ಬಿನ ಕೆಳಗೆ ಬಂದಾಗಲೆಲ್ಲ
ಅವಳ ಮುಖದ ಸುತ್ತ ಒಂದು ಮೂಳೆ ಬೆಳಗುತ್ತದೆ.
"ನನ್ನ ಕಾಲು ಹಾಕ್ಕೊಂಡು ನನಗಿಂತ ಚೆನ್ನಾಗಿ ನಡೀತಾಳೆ"
ಅಂದರು ಮಾದಯ್ಯ, ಕುಂಟುತ್ತಾ ಬಂದು ನೋಡಿ.

ನಡೆಯುತ್ತಿರಲಿಲ್ಲ ಪಾಪ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಳು,
ಕೊಳವೆಯನ್ನು ಮುಂದೆಯೇ ಬಿಟ್ಟು
ತಾನು ಹೊರಗೆ ಬಂದುಬಿಡಬಹುದೆಂದು.
ಟ್ರಂಕಿಗೆ ಬಾಲ ತಾಗಿದಾಗ ನಿಂತಳು.

ಸ್ಟೂಲು ಮಗುಚಿಟ್ಟೆ. ಮೂಟೆ ಹೊರಗೆ.
ಇಸ್ತ್ರಿಯಾದ ಬಟ್ಟೆಯ ಗಂಟುಗಳೆಲ್ಲ ಅಟ್ಟಕ್ಕೆ.
ಅವಳು ದಿನವೂ ಮಲಗುತ್ತಿದ್ದದ್ದು ಅಲ್ಲೇ,
ಯಾರೋ ವಕೀಲರ ಬಿಸಿ ಬಿಳಿ ಶರ್ಟಿನ ಮೇಲೆ.
ನಾನು ಚಾಪೆ ಹಾಸಿ ಅವಳ ಪಕ್ಕ ಒರಗಿದೆ.
ಸೂಜಿಯಿಲ್ಲದ ಸಿರಿಂಜಿನಲ್ಲಿ ಮದ್ದು, ಅರ್ಧ ನನ್ನ ಕುಪ್ಪಸಕ್ಕೆ.
ರಾತ್ರಿ ಎರಡಕ್ಕೆ ಮೃಗಾಲಯದ ಗೋಡೆಯಾಚೆ ಸಿಂಹ ಗುಡುಗಿತು.
ನಮ್ಮ ಬೀದಿಯವರಿಗೆ ಅದು ಪಕ್ಕದ ಮನೆಯ ಗೊರಕೆ.
ಕೊಳವೆ ಮಾತ್ರ ಮೆಲ್ಲಗೆ ಆ ಕಡೆ ತಿರುಗಿತು.
ಒಳಗೆ ದನಿ ಇನ್ನೂ ದೊಡ್ಡದಾಗಿ ಕೇಳಿರಬೇಕು.

ಮೂರನೆಯ ದಿನ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೂತರು.
ಐದು ತಿಂಗಳಲ್ಲಿ ಬೆಕ್ಕಿನೊಂದಿಗೆ ಅವರ ಮಾತು
'ಥೂ' ಎಂಬುದೊಂದೇ.
ಬೋಳಿಸಿದ ಹೊಟ್ಟೆ ನೋಡಿದರು, ಹಸುಗೂಸಿನ ಅಂಗೈ ಬಣ್ಣ.
"ಮೂರೇ ಹೊಲಿಗೆಯಾ?
ನಂಗೆ ಐದು ಹಾಕಿದ್ರು.
ಬನ್ನೂರಲ್ಲಿ, ಇಸ್ಕೂಲು ಬೆಂಚು ಜೋಡ್ಸಿ.
ಇವ್ನು ಹುಟ್ಟಿ ಐದು ತಿಂಗ್ಳಿಗೆ."
ಬೆರಳು ಎಕ್ಸ್‌ರೇ ಕಡೆ ತೋರಿತು.
"ಒಂದು ನೀಲಿ ಬಕೀಟು ಕೊಟ್ರು.
ನಾಕನೇ ದಿನಕ್ಕೆ ಅದೇ ಬಕೀಟು ಹಿಡ್ಕಂಡು
ಊರ ಬಟ್ಟೆಯೆಲ್ಲಾ ಹೊತ್ಕಂಡು ಕಾಲುವೆಗೆ ಹೋದೆ."

ನಾನು ಸುಮ್ಮನಿದ್ದೆ.
"ಹತ್ತು ದಿನ ಅಂತ ಆಗ್ಲೂ ಹೇಳಿದ್ರಂತೆ.
ಹೇಳಿದ್ದು ನಿಮ್ಮಾವಂಗೆ."

ಆ ಬಕೆಟ್ಟು ಇನ್ನೂ ಇದೆ. ಹಿಡಿ ಹೋಗಿ ಹಗ್ಗ ಬಂದಿದೆ.
ಇಸ್ತ್ರಿಯ ಬೂದಿ ಅದರಲ್ಲೇ ತುಂಬಿಡುವುದು,
ಅದೇ ಬೂದಿ ಈಗ ಇದ್ದಿಲಿನ ಕಕ್ಕಸಿಗೆ.
ಇಪ್ಪತ್ತು ವರ್ಷ ಎತ್ತಿದ್ದೇನೆ, ಎಲ್ಲಿಂದ ಬಂತೆಂದು
ಕೇಳಬೇಕೆಂದೇ ತೋಚಿರಲಿಲ್ಲ.

ಆಮೇಲೆ ಕಾವಲು ಅವರದಾಯಿತು.
ನನಗೆ ಗಾಡಿ, ಕೆಂಡ, ದಸರಾ ರಜೆಗೆ ಬಂದವರ ರೇಷ್ಮೆ ಸೀರೆ.
ನಡುವೆ ಒಮ್ಮೆ ಬಂದು ನೋಡಿದರೆ
ಅತ್ತೆ ಗೋಡೆಗೊರಗಿ ನಿದ್ದೆ,
ಕೈ ಮಾತ್ರ ಬೆಕ್ಕಿನ ಬೆನ್ನ ಮೇಲೆ ಎಚ್ಚರ.

ಹತ್ತಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಬಂದೆವು.
ಕೊಳವೆ ತೆಗೆಯೋಣ ಅಂದರೆ ಅತ್ತೆ
"ಇನ್ನೆರಡು ದಿನ ಇರ್ಲಿ."
ಡಾಕ್ಟರಮ್ಮ ಬೇಡ ಅಂದಿದ್ದಾರೆ ಅಂದೆ.
"ಅವ್ಳಿಗೇನ್ ಗೊತ್ತು."

ಇದ್ದಿಲು ಕಿಟಕಿಯ ಕಟ್ಟೆ ನೋಡಿದಳು, ಸೊಂಟ ತಗ್ಗಿಸಿದಳು,
ಹಿಂಗಾಲು ಎರಡು ಸಲ ನೆಲ ಒತ್ತಿ ಅಂದಾಜು ಹಿಡಿದಳು.
ಅತ್ತೆಯ ಕೈ ಬಂದು ಮೆತ್ತಗೆ ಮುಚ್ಚಿತು:
ಮಲಿಕ್ಕಳವ್ವ,
ನಿಂಗೇನು ಕಾಲುವೆತಾವ ಬಟ್ಟೆ ಕಾಯ್ತಾ ಕುಂತವಾ?